ನಾನು ಅಳಿಸಿದ ಎಡಗಾಲುಗಳು

ಮೊದಲೇ ಹೇಳಿಬಿಡುತ್ತೇನೆ, ಸಲಹೆ ಕೊಡುವವರನ್ನು ಕಂಡರೆ ನನಗಾಗುವುದಿಲ್ಲ. ಆ ಮೂರು ತಿಂಗಳಲ್ಲಿ ನನಗೆ ಬಂದ ಸಲಹೆಗಳನ್ನೆಲ್ಲ ಒಟ್ಟಿ ಬೆಂಕಿ ಹಚ್ಚಿದ್ದರೆ ನಮ್ಮ ಬೀದಿಗೆಲ್ಲ ಸ್ನಾನದ ನೀರು ಕಾಯುತ್ತಿತ್ತು. ನನ್ನ ತಲೆ ಮಾತ್ರ ಮೊದಲಿಗಿಂತ ಹೆಚ್ಚು ಕೆಟ್ಟಿತು.

ಆದದ್ದು ಇಷ್ಟೇ. ಹದಿನಾಲ್ಕು ವರ್ಷ ಒಂದೇ ವಿಮಾ ಕಂಪನಿಯಲ್ಲಿ, ನಾಲ್ಕನೇ ಮಹಡಿಯ ಒಂದೇ ಕಿಟಕಿಯ ಪಕ್ಕ ಕೂತು ಪ್ರೋಗ್ರಾಂ ಬರೆದವಳು ನಾನು. ಒಂದು ಬೆಳಿಗ್ಗೆ ನಮ್ಮ ವಿಭಾಗವನ್ನೇ ಮುಚ್ಚಿದರು. ದೊಡ್ಡ ಸಾಹೇಬರು ಕರೆಸಿ, "ಪಕ್ಕದ ವಿಭಾಗದಲ್ಲಿ ನಿಮಗೊಂದು ಕುರ್ಚಿ ಹಿಡಿದಿಟ್ಟಿರ್ತೀನಮ್ಮ" ಎಂದರು. ಆ ಕುರ್ಚಿ ಎಂಥದ್ದೆಂದು ನನಗೆ ಗೊತ್ತಿತ್ತು. ನಾನೇ ಕೆಲಸ ಕಲಿಸಿದವನ ಕೈಕೆಳಗೆ ಕೂತು, ಬೇರೆಯವರು ಬರೆದ ವರದಿಗಳನ್ನು ಒಂದರ ಕೆಳಗೊಂದು ಜೋಡಿಸುವ ಕೆಲಸ. ಸಿಟ್ಟು ನೆತ್ತಿಗೇರಿತು. "ಬೇಡ ಸಾರ್, ನಾನು ಸ್ವಂತವಾಗಿ, ಗುತ್ತಿಗೆ ಮೇಲೆ ಪ್ರೋಗ್ರಾಂ ಮಾಡ್ಕೊಡ್ತೀನಿ" ಎಂದುಬಿಟ್ಟೆ. ಅವರು ನಿಧಾನಸ್ಥರು. "ಮೂರು ತಿಂಗಳು ನೋಡಿ. ಕೊನೇ ಶುಕ್ರವಾರ ಸಂಜೆಯೊಳಗೆ ಬರ್ತೀನೋ ಇಲ್ವೋ ಒಂದು ಮಾತು ಹೇಳಿ. ಆಮೇಲೆ ಕುರ್ಚಿ ಇರಲ್ಲ" ಎಂದರು. ಮೆಟ್ಟಿಲಿಳಿಯುವಾಗಲೇ, ನಾನು ಆಡಿದ ಮಾತಿನ ಅರ್ಥವೇನೆಂದು ನನಗೇ ತಿಳಿಯದಾಯಿತು.

ಮನೆಯಲ್ಲಿ ಅತ್ತೆ ಬಟ್ಟೆ ಮಡಿಸುತ್ತಿದ್ದರು. ವಿಷಯ ಹೇಳಿದೆ.

"ಗುತ್ತಿಗೆ ಅಂದ್ರೆ ಮನೆ ಕಟ್ಟೋರ ಥರಾನಾ?"

"ಹೆಚ್ಚುಕಮ್ಮಿ ಹಾಗೇ ಅತ್ತೆ."

"ಹಾಗಾದ್ರೆ ಮೇಸ್ತ್ರಿ ಯಾರು, ಇಟ್ಟಿಗೆ ಹೊರೋರು ಯಾರು?"

"ಎರಡೂ ನಾನೇ."

"ಗೋಡೆ ಬಿದ್ರೆ?"

"ಬೀಳಲ್ಲ ಬಿಡಿ" ಎಂದೆ. ಅತ್ತೆ ಒಂದು ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿ, ಅದನ್ನು ಬಿಚ್ಚಿ, ಮತ್ತೆ ಮಡಿಸಿದರು. ಅವರಿಗೆ ಒಪ್ಪಿಗೆಯಿಲ್ಲದಿದ್ದರೆ ಹಾಗೆ ಮಾಡುತ್ತಾರೆ.

ನನ್ನ ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವವರು. ಅವರಿಗೆ ಲೋಕದ ಯಾವ ಸಮಸ್ಯೆಗೂ ಒಂದು ವಿಸಿಟಿಂಗ್ ಕಾರ್ಡೇ ಪರಿಹಾರ. ಅಂದೇ ಸಂಜೆ ಮೂರು ಬಗೆಯ ಕಾಗದ ತಂದು ಮೇಜಿನ ಮೇಲೆ ಹರಡಿದರು. "ಹೆಸರಿನ ಕೆಳಗೆ ಏನ್ ಹಾಕ್ಲಿ?" ಎಂದು ಕೇಳಿದರು. ನಾನು ಪೆನ್ನು ಹಿಡಿದು ಕೂತೆ. ಏನು ಹಾಕುವುದು? ನನಗೆ ಗೊತ್ತಿರುವ ಭಾಷೆಯ ಹೆಸರು ಹಾಕಿದರೆ ಅದು ಹಳೆಯದಾಯಿತೆನ್ನುತ್ತಾರೆ. ಹೊಸದರ ಹೆಸರು ಹಾಕೋಣವೆಂದರೆ ಅದು ನನಗೆ ಬರುವುದಿಲ್ಲ. ನಾಲ್ಕು ದಿನ ಆ ಮೂರು ಕಾಗದಗಳು ಮೇಜಿನ ಮೇಲೇ ಬಿದ್ದಿದ್ದವು, ಐದನೇ ದಿನ ಅತ್ತೆ ಅವುಗಳ ಮೇಲೆ ಬಿಸಿ ಪಾತ್ರೆ ಇಟ್ಟರು.

ಇನ್ನು ಒಂಟಿಸಲಗ. ಹಿಂದೆ ನಮ್ಮ ಆಫೀಸಿನಲ್ಲೇ ಇದ್ದವನು, ಒಂಬತ್ತು ವರ್ಷದಿಂದ ಒಬ್ಬನೇ ಗುತ್ತಿಗೆ ಕೆಲಸ ಮಾಡಿಕೊಂಡಿದ್ದಾನೆ. ಆಳೂ ದೊಡ್ಡ, ನಡಿಗೆಯೂ ಒಂಟಿ, ಅದಕ್ಕೇ ಆ ಅಡ್ಡಹೆಸರು. ಶನಿವಾರ ಬಸ್ ನಿಲ್ದಾಣದೆದುರಿನ ಟೀ ಅಂಗಡಿಯಲ್ಲಿ ಸಿಗುತ್ತಿದ್ದ. ಮೊದಲ ಶನಿವಾರ, "ಒಂದೇ ವಿದ್ಯೆ ಹಿಡಿ, ತಳ ಮುಟ್ಟೋವರೆಗೂ ಕಲಿ" ಎಂದ. ಹಿಡಿದೆ. ಎರಡನೇ ಶನಿವಾರ, "ಒಂದನ್ನೇ ನಂಬ್ಕೊಂಡ್ರೆ ಬೀದಿಗೆ ಬರ್ತೀಯ, ಎಲ್ಲಾನೂ ಸ್ವಲ್ಪ ಸ್ವಲ್ಪ ಗೊತ್ತಿರ್ಬೇಕು" ಎಂದ. ಬಿಟ್ಟೆ. ಮೂರನೇ ಶನಿವಾರ, "ವಿದ್ಯೆ ಬಿಡು, ಮಾತು ಬರ್ಬೇಕು" ಎಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಎರಡು ಪ್ರಾಣಿಗಳ ವಿಷಯದಲ್ಲಿ, ಇವನು ಒಬ್ಬನೇ ಎರಡೂ ಕಡೆ ಎಳೆಯುತ್ತಿದ್ದ.

ಒಂದು ತಿಂಗಳು ಕಳೆಯುವಷ್ಟರಲ್ಲಿ ನಾನು ಆರು ಆನ್‌ಲೈನ್ ಪಾಠಗಳಿಗೆ ಸೇರಿದ್ದೆ. ಒಂದೂ ಮೂರನೇ ಅಧ್ಯಾಯ ದಾಟಲಿಲ್ಲ. ಆರೂ ಪಾಠಗಳ ಮೇಷ್ಟ್ರುಗಳೂ ಒಂದೇ ನಗು ನಗುತ್ತಿದ್ದರು, "ಇದು ತುಂಬಾ ಸುಲಭ" ಎನ್ನುತ್ತಿದ್ದರು. ಬೆಳಿಗ್ಗೆ ಒಂದನ್ನು ತೆರೆದಾಗ ಅದೇ ಸರಿಯೆನಿಸುತ್ತಿತ್ತು, ಮಧ್ಯಾಹ್ನಕ್ಕೆ ಇನ್ನೊಂದನ್ನು ಕಲಿಯದೆ ಇದು ಅರ್ಥವಾಗುವುದಿಲ್ಲವೆಂದು ತಿಳಿಯುತ್ತಿತ್ತು. ಆಫೀಸಿನಲ್ಲಾದರೆ ಒಂಬತ್ತೂವರೆಗೆ ಈ ದಿನದ ಕೆಲಸ ಇದು ಎಂದು ಪರದೆಯ ಮೇಲೆ ಬಂದಿರುತ್ತಿತ್ತು. ಮನೆಯಲ್ಲಿ ಒಂಬತ್ತೂವರೆಗೆ ನಾನು ಪರದೆ ನೋಡುತ್ತಾ ಕೂರುತ್ತಿದ್ದೆ, ಪರದೆ ನನ್ನನ್ನು ನೋಡುತ್ತಿತ್ತು. ನಿಜ ಹೇಳುತ್ತೇನೆ, ಆ ಕುರ್ಚಿಯ ನೆನಪು ದಿನಕ್ಕೆ ಹತ್ತು ಸಲ ಬರುತ್ತಿತ್ತು. ನಾನು ಒಬ್ಬಳೇ ನಿಲ್ಲಬಲ್ಲೆನೋ ಇಲ್ಲವೋ ಎನ್ನುವುದೊಂದೇ ಪ್ರಶ್ನೆ, ಅದಕ್ಕೆ ಯಾವ ಪಾಠದಲ್ಲೂ ಅಧ್ಯಾಯವಿರಲಿಲ್ಲ.

ಮೊದಲ ಕೆಲಸ ತಂದುಕೊಟ್ಟವರು ಅತ್ತೆ. ಅವರಿಗೆ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಮೂಳೆ ಬೆಳೆದು, ಅಂಗಡಿಯಲ್ಲಿ ಸಿಗುವ ಯಾವ ಚಪ್ಪಲಿಯೂ ಹಿಡಿಸುವುದಿಲ್ಲ. ಟೈರ್ ಅಂಗಡಿಗಳ ಹಿಂದಿನ ಬೀದಿಯಲ್ಲಿ ಹೊಂದಿಕೆಯಿಲ್ಲದ ಕಾಲುಗಳಿಗೆಂದೇ ಬೂಟು, ಚಪ್ಪಲಿ ಹೊಲಿಯುವ ಒಂದು ಕಾರ್ಖಾನೆಯಿದೆ, ಅಲ್ಲಿಯೇ ಮಾಡಿಸಿಕೊಳ್ಳುತ್ತಾರೆ. "ಅವ್ರ ಕಂಪ್ಯೂಟರ್ ದಿನಾ ಕೆಟ್ಟು ನಿಲ್ಲುತ್ತಂತೆ. ನನ್ನ ಸೊಸೆ ಇದ್ದಾಳೆ ಅಂದೆ. ನಾಳೆ ಹೋಗು" ಎಂದರು. ಕಾರ್ಡು ಬೇಕಾಗಲಿಲ್ಲ, ಹೆಸರಿನ ಕೆಳಗೆ ಏನು ಎಂದೂ ಯಾರೂ ಕೇಳಲಿಲ್ಲ.

ಅದು ಉದ್ದನೆಯ ಒಂದು ಕೋಣೆ. ಚರ್ಮದ, ಅಂಟಿನ ವಾಸನೆ. ಒಂದು ಗೋಡೆಗೆ ಅಳತೆ ಅಳತೆಯ ಮರದ ಪಾದಗಳು ಸಾಲಾಗಿ ನಿಂತಿದ್ದವು. ಗಾಜಿನ ಪುಟ್ಟ ಕೋಣೆಯಲ್ಲಿ ಯಜಮಾನರು, ಹೊಲಿಗೆಯ ಕಡೆ ಬೆಳ್ಳಗಿನ ಹುಬ್ಬಿನ ಮೇಸ್ತ್ರಿ, ಬಾಗಿಲ ಬಳಿ ತಗ್ಗಿನ ಮಣೆಯ ಮೇಲೆ ಟೇಪು ಹಿಡಿದ ಒಬ್ಬ ಹೆಂಗಸು. ಎಲ್ಲರೂ ಆಕೆಯನ್ನು ಅಳತೆಯಮ್ಮ ಎನ್ನುತ್ತಿದ್ದರು. ಬಂದವರ ಪಾದ, ಕಾಲಿನ ಎತ್ತರ ಅಳೆದು, ಎದ್ದು ಹೋಗಿ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವುದು ಆಕೆಯ ಕೆಲಸ. ಅದರಿಂದ ಒಂದು ಚೀಟಿ ಬರುತ್ತದೆ, ಚೀಟಿ ನೋಡಿ ಮೇಸ್ತ್ರಿ ಹೊಲಿಯುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಬೂಟು ಒಂದೇ ತರಹ ಕಾಣಬೇಕು, ಒಳಗೆ ಮಾತ್ರ ಒಂದೊಂದು ಕಾಲಿಗೆ ಒಂದೊಂದು ಲೆಕ್ಕ. ನೋಡುವವರಿಗೆ ಗೊತ್ತಾಗಬಾರದು, ಅದೇ ಈ ಅಂಗಡಿಯ ಹೆಮ್ಮೆ. ಕಂಪ್ಯೂಟರಿನ ಪ್ರೋಗ್ರಾಮನ್ನು ಎಂದೋ ಯಜಮಾನರ ಭಾವಮೈದ ಬರೆದಿದ್ದನಂತೆ, ಈಗ ಅವನು ದೂರದಲ್ಲೆಲ್ಲೋ ಕೋಳಿ ಸಾಕುತ್ತಿದ್ದಾನಂತೆ.

ಯಜಮಾನರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಅಳತೆಯಮ್ಮ ಎರಡು ಸಲ ಗಾಜಿನ ಬಾಗಿಲ ಹತ್ತಿರ ಬಂದು, "ಆ ಪಟ್ಟಿ ವಿಷಯ ಒಂದು ಮಾತಿತ್ತು" ಎಂದರು. ಎರಡು ಸಲವೂ ನಾನು, "ಆಮೇಲೆ ಮಾತಾಡೋಣ ಅಕ್ಕ" ಎಂದೆ. ಕೆಲಸ ಕೊಟ್ಟವನ ಹತ್ತಿರ ಮಾತ್ರ ಮಾತಾಡು, ಹತ್ತು ಬಾಯಿ ಸೇರಿದರೆ ಕೆಲಸ ಮುಗಿಯುವುದಿಲ್ಲ ಎಂದು ಒಂಟಿಸಲಗ ಹೇಳಿದ್ದ. ಹಾಳಾದ ಸಲಹೆಗಳಲ್ಲಿ ಅದನ್ನೇ ಹುಡುಕಿ ಪಾಲಿಸಿದೆ.

ಹಳೆಯ ಪಟ್ಟಿಯನ್ನು ನನ್ನ ಲ್ಯಾಪ್‌ಟಾಪಿಗೆ ತಂದು ತೆರೆದರೆ ಮೈ ಉರಿಯಿತು. ಇನ್ನೂರ ಹತ್ತು ಜನ ಗಿರಾಕಿಗಳು, ಆದರೆ ಸಾಲುಗಳು ನಾನೂರರ ಮೇಲೆ. ಹೆಚ್ಚಿನ ಹೆಸರುಗಳು ಎರಡೆರಡು ಸಲ ಇದ್ದವು. ಕೆಲವು ಒಂದೇ ಸಲ, ಕೆಲವು ನಾಲ್ಕು ಸಲ. ಅದೇ ವಿಳಾಸ, ಅದೇ ಫೋನು, ಅಂಕಿಗಳಲ್ಲಿ ಮಾತ್ರ ಚೂರು ವ್ಯತ್ಯಾಸ. ನಮ್ಮ ಜಾತಿಯವರಿಗೆ, ಅಂದರೆ ಪ್ರೋಗ್ರಾಂ ಬರೆಯುವವರಿಗೆ, ಒಂದೇ ಹೆಸರು ಎರಡು ಸಲ ಕಂಡರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಅಳತೆಯಮ್ಮ ಮೊದಲು ತಪ್ಪು ಅಂಕಿ ಹೊಡೆದು ಆಮೇಲೆ ಸರಿ ಮಾಡಿ ಹೊಡೆದಿರಬೇಕು, ಹಳೆಯದನ್ನು ತೆಗೆಯಲು ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡೆ. ಪ್ರತಿ ಹೆಸರಿಗೂ ಕೊನೆಯ ಸಾಲನ್ನು ಉಳಿಸಿ ಉಳಿದದ್ದನ್ನೆಲ್ಲ ಅಳಿಸುವಂತೆ ನಾಲ್ಕು ಸಾಲಿನ ಪ್ರೋಗ್ರಾಂ ಬರೆದೆ. ಎರಡು ಸೆಕೆಂಡಿನಲ್ಲಿ ಪಟ್ಟಿ ಸ್ವಚ್ಛವಾಯಿತು, ಇನ್ನೂರ ಹತ್ತು ಜನಕ್ಕೆ ಇನ್ನೂರ ಹತ್ತು ಸಾಲು. ಆ ಮೂರು ತಿಂಗಳಲ್ಲಿ ನನಗೆ ನಾನೇ ಭೇಷ್ ಎಂದುಕೊಂಡದ್ದು ಅದೊಂದೇ ಸಲ.

ಹೊಸ ಪ್ರೋಗ್ರಾಂ ಕೂರಿಸಿದ ದಿನ ಯಜಮಾನರು ಆಟದ ಸಾಮಾನು ಸಿಕ್ಕವರಂತೆ ಕುಣಿದಾಡಿದರು. ಚೀಟಿಗಳನ್ನೆಲ್ಲ ತಾವೇ ತೆಗೆದು ಮೇಸ್ತ್ರಿಗೆ ಕೊಟ್ಟರು. ಅಳತೆಯಮ್ಮ ಮುಖ ಊದಿಸಿಕೊಂಡು ಮಗಳ ಮನೆಗೆ ಹೋದವರು ವಾರವಾದರೂ ಬರಲಿಲ್ಲ. "ಈ ಹಳೇ ಡಬ್ಬ ಸುಮ್ನೆ ಯಾಕೆ ಜಾಗ ತಿನ್ನುತ್ತೆ ಸಾರ್" ಎಂದು ನಾನೇ ಹೇಳಿದೆ. ಹಳೆಯ ಕಂಪ್ಯೂಟರನ್ನು ಗುಜರಿಯವನು ಕೈಗಾಡಿಯಲ್ಲಿ ಹಾಕಿಕೊಂಡು ಹೋದ.

ಕೊನೇ ಶುಕ್ರವಾರಕ್ಕೆ ಹನ್ನೊಂದು ದಿನ ಇತ್ತು. ಸೋಮವಾರ ಬೆಳಿಗ್ಗೆ, ಎಲ್ಲ ಸರಿಯಾಗಿ ನಡೆಯುತ್ತಿದೆಯೇ ನೋಡಿ ಬರೋಣವೆಂದು ಹೋದೆ. ಇದೊಂದು ಮುಗಿದರೆ ಸಾಹೇಬರಿಗೆ ಫೋನು ಮಾಡಿ, ಕುರ್ಚಿ ಬೇಡ ಎನ್ನಬಹುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೊಸ ಚೀಟಿಯಿಂದ ಹೊಲಿದ ಮೊದಲ ಜೊತೆ ಆಗಷ್ಟೇ ಮುಗಿದಿತ್ತು. ಅದನ್ನು ಒಯ್ಯಲು ಬಂದವರು ಒಬ್ಬ ನರ್ಸಮ್ಮ, ಐವತ್ತರ ಹತ್ತಿರದ ವಯಸ್ಸು. ಅವರ ಎಡಗಾಲು ಬಲಗಾಲಿಗಿಂತ ಸ್ವಲ್ಪ ಗಿಡ್ಡ. ಹನ್ನೆರಡು ವರ್ಷದಿಂದ ಇಲ್ಲಿಯೇ ಬೂಟು ಮಾಡಿಸುತ್ತಿದ್ದರು.

ಹಾಕಿಕೊಂಡು ಎದ್ದು ನಿಂತರು. ನಾಲ್ಕು ಹೆಜ್ಜೆ ನಡೆದರು. ಪ್ರತಿ ಹೆಜ್ಜೆಗೂ ಎಡಗಡೆಗೆ ವಾಲುತ್ತಿದ್ದರು. ಗೋಡೆ ಹಿಡಿದು ನಿಂತು, ನಗಲು ನೋಡಿದರು.

"ಬೂಟು ಚೆನ್ನಾಗೇ ಇದೆ. ನನ್ನ ಕಾಲೇ ಇನ್ನೂ ಕುಗ್ಗಿದೆ ಅನ್ಸುತ್ತೆ. ಹೀಗೇ ಆಗ್ತಾ ಹೋದ್ರೆ ಇನ್ನೆಷ್ಟು ದಿನ ವಾರ್ಡಲ್ಲಿ ನಿಲ್ಲೋಕಾಗುತ್ತೋ" ಎಂದರು.

ಯಜಮಾನರು ಮೇಸ್ತ್ರಿಯ ಕಡೆ ತಿರುಗಿದರು. "ಏನ್ ಮಾಡಿದ್ರಿ ಇವ್ರೇ? ಕಣ್ಣು ಕಾಣ್ಸಲ್ಲ ಅಂದ್ರೆ ಹೇಳ್ಬಾರ್ದಾ? ಈ ವಯಸ್ಸಲ್ಲಿ ಸುಮ್ನೆ ಮನೇಲಿರಬೇಕಪ್ಪ" ಎಂದರು.

ಮೇಸ್ತ್ರಿ ತಲೆ ತಗ್ಗಿಸಿದರು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವ ಹಾಗೆ, "ಚೀಟೀಲಿ ಇದ್ದ ಹಾಗೇ ಹೊಲಿದೆ ತಾಯಿ. ಯಾವಾಗ್ಲೂ ಎರಡು ಸಾಲು ಬರೋದು, ಈ ಸಲ ಒಂದೇ ಸಾಲು ಬಂತು. ಪಾಪ, ಆಪರೇಷನ್ ಮಾಡಿಸ್ಕೊಂಡು ಎರಡೂ ಕಾಲು ಸಮ ಆಗಿರ್ಬೇಕು ಅಂತ ಸಂತೋಷಪಟ್ಟೆ" ಎಂದರು.

ಎರಡು ಸಾಲು. ಎರಡು ಸಲ ಹೊಡೆದ ಹೆಸರಲ್ಲ ಅದು, ಎರಡು ಕಾಲು. ಒಂದೇ ಸಲ ಇದ್ದವರು ಒಂದೇ ಕಾಲಿನವರು. ನಾಲ್ಕು ಸಲ ಇದ್ದವರು ಎರಡನೇ ಬಾರಿ ಅಳತೆ ಕೊಟ್ಟವರು. ಹೊಂದಿಕೆಯಿಲ್ಲದ ಕಾಲುಗಳ ಅಂಗಡಿಯಲ್ಲಿ ಕೂತು, ಎರಡು ಅಂಕಿ ಯಾಕೆ ಹೊಂದುವುದಿಲ್ಲ ಎಂದು ಕೇಳುವಷ್ಟು ಬುದ್ಧಿ ನನಗೆ ಬಂದಿರಲಿಲ್ಲ. ಇನ್ನೂರ ಹತ್ತು ಜನರಲ್ಲಿ ಎರಡು ಕಾಲಿರುವ ನೂರ ತೊಂಬತ್ತೆರಡು ಜನರ ಎಡಗಾಲನ್ನು ನಾನು ಎರಡು ಸೆಕೆಂಡಿನಲ್ಲಿ ಒರೆಸಿಹಾಕಿದ್ದೆ.

ಆಗ ನನ್ನ ತಲೆಯಲ್ಲಿ ಏನೇನು ಹಾದುಹೋಯಿತೆಂದು ಮುಚ್ಚಿಡದೆ ಹೇಳುತ್ತೇನೆ. ಸುಮ್ಮನಿದ್ದರೆ ತಪ್ಪು ಮೇಸ್ತ್ರಿಯ ಕಣ್ಣಿನದಾಗುತ್ತದೆ, ಇಲ್ಲವೇ ನರ್ಸಮ್ಮನ ಕಾಲಿನದಾಗುತ್ತದೆ. ಆಫೀಸಿನಲ್ಲಿ ಇಂಥದ್ದಾದಾಗ ವ್ಯವಸ್ಥೆಯಲ್ಲಿ ದೋಷ ಎಂದು ಒಂದು ಸುತ್ತೋಲೆ ಹೋಗುತ್ತಿತ್ತು, ದೋಷಕ್ಕೆ ಮುಖವಿರುತ್ತಿರಲಿಲ್ಲ. ಇನ್ನು ಹನ್ನೊಂದು ದಿನದಲ್ಲಿ ನನಗೊಂದು ಕುರ್ಚಿಯೂ ಇತ್ತು. ಈಗ ನಮಸ್ಕಾರ ಹೇಳಿ ಹೊರಟರೆ ಯಾರೂ ತಡೆಯುವವರಿರಲಿಲ್ಲ. ನರ್ಸಮ್ಮ ಕೂತು, ತಮ್ಮ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಅದು ಯಾರದೋ ತಪ್ಪು ಮಾಡಿದ ಮಗುವೇನೋ ಎಂಬಂತೆ ನೋಡುತ್ತಿದ್ದರು. ಅದನ್ನು ನೋಡಲಾಗಲಿಲ್ಲ.

"ಸಾರ್, ಮೇಸ್ತ್ರಿ ತಪ್ಪಲ್ಲ. ಇವ್ರ ಕಾಲಿನ ತಪ್ಪೂ ಅಲ್ಲ. ಎಡಗಾಲಿನ ಅಳತೆ ನಾನು ಅಳಿಸ್ಬಿಟ್ಟಿದೀನಿ."

"ಇವ್ರದ್ದಾ?"

"ಎಲ್ಲರದ್ದೂ."

ಮೊದಲು ಮಾತಾಡಿದವರು ನರ್ಸಮ್ಮ. "ಹಾಗಾದ್ರೆ ನನ್ನ ಕಾಲು ಕುಗ್ಗಿಲ್ವಾ?" ಎಂದರು. "ಇಲ್ಲಮ್ಮ" ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಅಷ್ಟೇ ತಾನೆ, ಬೂಟು ಇನ್ನೊಂದು ಮಾಡಬಹುದು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ತಡೆಯಲಾಗಲಿಲ್ಲ.

ಯಜಮಾನರು ಬೈದರು. ನ್ಯಾಯವಾಗಿಯೇ ಬೈದರು. ಕೊನೆಗೆ, "ಇನ್ನೊಂದು ಪ್ರತಿ ತೆಗೆದಿಟ್ಟಿರ್ತೀರಲ್ಲ, ಅದನ್ನ ಹಾಕಿ ಮತ್ತೆ" ಎಂದರು. ನನ್ನ ಮುಖ ನೋಡಿ ಅವರ ಮುಖವೂ ಇಳಿಯಿತು. ಆಫೀಸಿನಲ್ಲಿ ಪ್ರತಿ ಸಂಜೆ ಮೂರನೇ ಮಹಡಿಯ ಯಾರೋ ಎಲ್ಲದರ ಪ್ರತಿ ತೆಗೆದಿಡುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಅವರ ಮುಖವನ್ನೇ ನಾನು ನೋಡಿರಲಿಲ್ಲ. ಪ್ರತಿ ಎನ್ನುವುದು ತಾನಾಗಿಯೇ ಇರುತ್ತದೆ ಎಂದುಕೊಂಡಿದ್ದೆ. ಹಳೆಯ ಡಬ್ಬದ ಬೆನ್ನು ಹತ್ತಿ ಗುಜರಿಗೆ ಓಡಿದೆ, ಅಲ್ಲಿ ಅದರ ತಗಡು ಒಂದು ರಾಶಿಯಲ್ಲಿ, ತಂತಿ ಇನ್ನೊಂದು ರಾಶಿಯಲ್ಲಿ ಬಿದ್ದಿತ್ತು.

ವಾಪಸು ಬಂದಾಗ ಯಜಮಾನರು ಸ್ವಲ್ಪ ತಣ್ಣಗಾಗಿದ್ದರು. "ಹೋಗಿ ಅಂತ ಹೇಳಿದ್ರೆ ಕಾಲು ಯಾರು ಅಳೀತಾರೆ? ನಾಳೆ ಬನ್ನಿ" ಎಂದರು. ಅದು ಕ್ಷಮೆಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ತಮ್ಮ ಪಾದ ನೋಡಿಕೊಂಡರು. "ನನ್ನದೂ?" ಎಂದರು.

"ನಿಮ್ಮದೂ ಅತ್ತೆ."

"ಸೊಸೆ ಮನೆಗೆ ಕಾಲಿಟ್ಟಾಗ ಸಂತೋಷಪಟ್ಟಿದ್ದೆ. ಅವಳು ನನ್ನ ಕಾಲಿಗೇ ಕೈ ಹಾಕ್ತಾಳೆ ಅಂತ ಗೊತ್ತಿರ್ಲಿಲ್ಲ" ಎಂದು ಹೇಳಿ, ಎಡಗಾಲನ್ನು ನನ್ನ ಮುಂದೆ ಚಾಚಿದರು. "ತಗೋ, ಇದರಿಂದ್ಲೇ ಶುರು ಮಾಡು."

ಒಂಟಿಸಲಗನಿಗೆ ಫೋನು ಮಾಡಿದೆ. ಸಲಹೆ ಬರುತ್ತದೆಂದು ಕಿವಿ ಗಟ್ಟಿ ಮಾಡಿಕೊಂಡು ಕಾದೆ. ಸಲಹೆ ಬರಲಿಲ್ಲ. "ನೀನು ಎದುರಿಗೇ ಹೇಳಿದ್ಯಾ?" ಎಂದು ಕೇಳಿದ. "ಇನ್ನೇನ್ ಮಾಡ್ಲಿ?" ಎಂದೆ. "ನನಗೆ ಹಾಗಾದಾಗ ಫೋನ್ ನಂಬರ್ ಬದಲಾಯಿಸಿದ್ದೆ ಕಣೆ" ಎಂದ. ಅವನ ನಂಬರ್ ಮೂರು ಸಲ ಬದಲಾದದ್ದು ನನಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಮರುದಿನ ಅಳತೆಯಮ್ಮ ಬಂದಿದ್ದರು. ಯಜಮಾನರು ಎಲ್ಲ ಹೇಳಿರಬೇಕು. ಆಕೆ ನನ್ನನ್ನು ನೋಡದೆ ಟೇಪು ಸುತ್ತುತ್ತಿದ್ದರು.

"ಎರಡು ಸಲ ಹೇಳೋಕೆ ಬಂದೆ."

"ಹೌದಕ್ಕ. ನಾನೇ ಕೇಳಿಸ್ಕೊಳ್ಲಿಲ್ಲ."

"ಎಡ ಮೊದಲು, ಬಲ ಆಮೇಲೆ. ಇಪ್ಪತ್ತು ವರ್ಷದಿಂದ ಹಾಗೇ ಹೊಡೀತಿದೀನಿ. ಯಾರಾದ್ರೂ ಕೇಳಿದ್ರೆ ತಾನೆ ಹೇಳೋದು." ಆಮೇಲೆ ಪಕ್ಕದ ಮಣೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. "ಕೂತ್ಕೋ. ಹಿಮ್ಮಡಿಯಿಂದ ಹೆಬ್ಬೆರಳಿಗೆ ಮೊದಲು."

ಅರ್ಧದಷ್ಟು ಕಾಲುಗಳು ಆಕೆಗೆ ಬಾಯಿಪಾಠವಾಗಿದ್ದವು. "ಮುಖ ಮರೀತೀನಿ, ಕಾಲು ಮರೆಯಲ್ಲ" ಎನ್ನುತ್ತಿದ್ದರು. ಆದರೂ ನೆನಪಿನಿಂದ ಹೊಲಿಯುವ ಹಾಗಿಲ್ಲ, ಕಾಲು ನೋಡಲೇಬೇಕೆಂದು ಹಟ ಹಿಡಿದರು. ಒಬ್ಬೊಬ್ಬರಿಗೂ ಫೋನು ಮಾಡಿದೆ. ಪ್ರತಿ ಸಲವೂ ಅದೇ ಮಾತು, "ನಿಮ್ಮ ಅಳತೆ ನನ್ನಿಂದ ಹೋಯ್ತು, ಮತ್ತೆ ಕೊಡ್ತೀರಾ?" ಹತ್ತನೇ ಫೋನಿನ ಹೊತ್ತಿಗೆ ನಾಚಿಕೆ ಕರಗಿತು, ಇಪ್ಪತ್ತನೆಯದಕ್ಕೆ ಕೆಲವರು ನನ್ನನ್ನೇ ಸಮಾಧಾನ ಮಾಡತೊಡಗಿದರು. ಬರಲಾಗದವರ ಮನೆಗೆ ನಾವೇ ಹೋದೆವು. ಮೂರನೇ ಮಹಡಿಯ ಲಿಫ್ಟ್ ಇಲ್ಲದ ಮನೆಗಳು, ಔಷಧಿ ಅಂಗಡಿಯ ಹಿಂದಿನ ಕೋಣೆ, ಒಂದು ಕ್ಷೌರದಂಗಡಿಯ ತಿರುಗುವ ಕುರ್ಚಿ. ನಾನು ನೆಲದ ಮೇಲೆ ಮಂಡಿಯೂರಿ ಪಾದ ಹಿಡಿಯುತ್ತಿದ್ದೆ. ಕೆಲಸಕ್ಕಾಗಿ ಕಂಡವರ ಕಾಲು ಹಿಡಿಯುವುದಿಲ್ಲ ಎಂದು ಆಫೀಸು ಬಿಟ್ಟವಳು ನಾನು, ದಿನಕ್ಕೆ ಹನ್ನೆರಡು ಹಿಡಿದೆ.

ಕಾಲು ಹಿಡಿದುಕೊಂಡು ಸುಮ್ಮನಿರಲಾಗುವುದಿಲ್ಲ, ಏನಾದರೂ ಕೇಳಬೇಕು. ನನಗೆ ಏನೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಕೇಳಿದೆ. ಕಾವಲುಗಾರನೊಬ್ಬನ ಕಾಲು ಸಂಜೆಗೆ ಊದುತ್ತದೆ, ಆದ್ದರಿಂದ ಅವನದನ್ನು ಸಂಜೆಯೇ ಅಳೆಯಬೇಕು. ಒಬ್ಬ ಡ್ರೈವರಿಗೆ ಎಡಗಾಲು ಕ್ಲಚ್ಚಿನ ಮೇಲೆ, ಅವನಿಗೆ ಅಟ್ಟೆ ತೆಳುವಾಗಿರಬೇಕು. ಇಷ್ಟು ವರ್ಷ ಇದೆಲ್ಲ ಅಳತೆಯಮ್ಮನ ತಲೆಯಲ್ಲಿ ಮಾತ್ರ ಇತ್ತು. ಒಂದೊಂದು ಕಾಲಿಗೂ ಒಂದು ಪುಟ ಬರುವ ಹಾಗೆ ಪ್ರೋಗ್ರಾಮನ್ನು ಮತ್ತೆ ಬರೆದೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಚರ್ಮದ ತುಂಡುಗಳ ನಡುವೆ ಕೂತು. ಪ್ರತಿಯನ್ನು ಮೂರು ಕಡೆ ಇಟ್ಟೆ. ಅಳತೆಯಮ್ಮ ಪಕ್ಕದಲ್ಲಿ ಕೂತು, "ಇದಲ್ಲ, ಅದು ಮೇಲೆ ಬರ್ಲಿ" ಎನ್ನುತ್ತಿದ್ದರು. ಇದನ್ನು ಯಾವ ವಿದ್ಯೆ ಎನ್ನಬೇಕೋ ಗೊತ್ತಾಗಲಿಲ್ಲ. ನಾನು ಪ್ರೋಗ್ರಾಂ ಕಲಿಯುತ್ತಿದ್ದೇನೋ ಚಪ್ಪಲಿ ಹೊಲಿಯುವುದನ್ನೋ ಎಂದು ಗಂಡ ಕೇಳಿದರೆ, "ಅದೇ ನಂಗೂ ಗೊತ್ತಾಗ್ತಿಲ್ಲ ರೀ" ಎನ್ನುತ್ತಿದ್ದೆ.

ನರ್ಸಮ್ಮ ಮತ್ತೆ ಅಳತೆಗೆ ಬಂದಾಗ ನಾನೊಂದು ದಡ್ಡ ಪ್ರಶ್ನೆ ಕೇಳಿದೆ. "ನೋವು ಕೂತಾಗ್ಲೋ ನಿಂತಾಗ್ಲೋ?"

"ನಾನು ಕೂರೋದೇ ಇಲ್ವಲ್ಲಮ್ಮ."

"ಮತ್ತೆ ಕೂತಾಗ ಯಾಕೆ ಅಳೀತೀವಿ ಅಕ್ಕ?"

ಅಳತೆಯಮ್ಮ ಒಂದು ಕ್ಷಣ ನನ್ನನ್ನು ಗುರಾಯಿಸಿದರು. "ಎಲ್ಲರನ್ನೂ ಕೂರಿಸೇ ಅಳೆಯೋದು" ಎಂದರು. ಆಮೇಲೆ ತಾವೇ, "ನಿಂತ್ಕೋ ನೋಡೋಣ" ಎಂದು ನರ್ಸಮ್ಮನನ್ನು ಎಬ್ಬಿಸಿದರು. ಭಾರ ಬಿದ್ದಾಗ ಎಡಪಾದ ಒಂದು ಬೆರಳಿನ ಅಗಲ ಹರಡಿಕೊಳ್ಳುತ್ತಿತ್ತು. ಆಕೆ ಎರಡನೇ ಸಲ ಅಳೆದು ಬರೆದುಕೊಂಡರು.

ಕೊನೇ ಶುಕ್ರವಾರ ಬಂತು. ಇನ್ನೂ ಅರವತ್ತೊಂದು ಎಡಗಾಲುಗಳು ಬಾಕಿಯಿದ್ದವು. ಬೆಳಿಗ್ಗೆಯಿಂದ ಸಾಹೇಬರಿಗೆ ಫೋನು ಮಾಡಬೇಕೆಂದು ನಾಲ್ಕು ಸಲ ಎದ್ದೆ, ನಾಲ್ಕು ಸಲ ಕೂತೆ. ಏನು ಹೇಳುವುದು? ಮಾಡಿದ ಒಂದೇ ಒಂದು ಕೆಲಸವನ್ನು ಹಾಳು ಮಾಡಿ, ಅದನ್ನು ರಿಪೇರಿ ಮಾಡುತ್ತಾ ಕೂತಿರುವವಳು ಯಾವ ಬಾಯಿಂದ ಕುರ್ಚಿ ಬೇಡ ಎನ್ನುವುದು? ಬೇಕು ಎನ್ನಲೂ ಬಾಯಿ ಬರುತ್ತಿರಲಿಲ್ಲ. ಈ ಕಾಲುಗಳು ಮುಗಿದ ಮೇಲೆ ಯಜಮಾನರು ನನ್ನನ್ನು ಏನು ಮಾಡುತ್ತಾರೆಂದೂ ತಿಳಿದಿರಲಿಲ್ಲ, ಅವರು ಆ ಮಾತೇ ಎತ್ತಿರಲಿಲ್ಲ.

ನಾಲ್ಕು ಗಂಟೆಗೆ ನರ್ಸಮ್ಮ ಬಂದರು. ಮೇಸ್ತ್ರಿ ಹೊಸ ಜೊತೆಯನ್ನು ಬಟ್ಟೆಯಿಂದ ಒರೆಸಿ ತಂದಿಟ್ಟರು. ಅಳತೆಯಮ್ಮ ಏಳಲಿಲ್ಲ. "ನೀನೇ ನೋಡು" ಎಂದರು. ನಾನು ಮಂಡಿಯೂರಿ, ಹೆಬ್ಬೆರಳಿನಿಂದ ಬೂಟಿನ ತುದಿ ಒತ್ತಿ, "ಎಲ್ಲಾದ್ರೂ ಹಿಡಿಯುತ್ತಾ?" ಎಂದು ಕೇಳಿದೆ. ಅವರು ಎದ್ದು ನಿಂತು, ಭಾರ ಬಿಟ್ಟು, ಕಣ್ಣು ಮುಚ್ಚಿಕೊಂಡು ಯೋಚಿಸಿದರು. "ಇಲ್ಲ" ಎಂದರು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಸಾಹೇಬರು.

"ಏನಮ್ಮ, ಬರ್ತೀರಾ?"

"ಒಂದು ನಿಮಿಷ ಸಾರ್" ಎಂದು ಫೋನನ್ನು ಎದೆಗೆ ಒತ್ತಿಕೊಂಡೆ. ನೇರವಾಗಿ ಗಾಜಿನ ಕೋಣೆಯ ಬಾಗಿಲಿಗೆ ಹೋಗಿ, "ಸಾರ್, ಈ ಕಾಲುಗಳೆಲ್ಲ ಮುಗಿದ ಮೇಲೆ ನಾನು ಇರ್ಬೇಕಾ, ಹೋಗ್ಬೇಕಾ?" ಎಂದು ಕೇಳಿದೆ.

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ನನ್ನ ಕೇಳಿದ್ರೆ? ನನ್ನ ಕೆಲಸ ಇನ್ನೂ ಮುಗಿದಿಲ್ಲ ಅಂತ ಅಷ್ಟೇ ನಾನು ಹೇಳಬಹುದು. ಇರೋದು ಹೋಗೋದು ನಿಮ್ಮಿಷ್ಟ. ನಿಮ್ಮ ಕೆಲಸಕ್ಕೆ ಯಜಮಾನರು ಯಾರೂ ಇಲ್ವಲ್ಲಮ್ಮ" ಎಂದರು.

ಹದಿನಾಲ್ಕು ವರ್ಷ, ಅದರ ಮೇಲೆ ಮೂರು ತಿಂಗಳು, ಯಾರಾದರೂ ಹೇಳಲಿ ಎಂದೇ ನಾನು ಕಾದಿದ್ದೆ. ಹೇಳುವವರು ಯಾರೂ ಇರಲಿಲ್ಲ. ಭಯವಾಯಿತು, ನಿಜವಾಗಿಯೂ ಭಯವಾಯಿತು. ಫೋನನ್ನು ಕಿವಿಗಿಟ್ಟೆ.

"ಕುರ್ಚಿ ಬೇರೆಯವರಿಗೆ ಕೊಟ್ಬಿಡಿ ಸಾರ್. ನನಗೆ ಇನ್ನೂ ಅರವತ್ತೊಂದು ಕಾಲು ಬಾಕಿ ಇದೆ."

"ಏನು ಬಾಕಿ?"

"ಕಾಲು ಸಾರ್. ಎಡಗಾಲು."

ಅವರಿಗೆ ಏನರ್ಥವಾಯಿತೋ. ಒಳ್ಳೆಯದಾಗಲಿ ಎಂದು ಫೋನು ಇಟ್ಟರು. ನಾನು ತಿರುಗಿದಾಗ ನರ್ಸಮ್ಮ ಬಾಗಿಲು ದಾಟಿದ್ದರು. ಬೀದಿಯ ತಿರುವಿನಲ್ಲಿ ಅವರ ಬಸ್ಸು ಬಂದಿತ್ತು. ಕೈಚೀಲವನ್ನು ಹೆಗಲಿಗೇರಿಸಿಕೊಂಡು ಅವರು ಓಡಿದರು. ಯಜಮಾನರು ಗಾಜಿನ ಕೋಣೆಯಿಂದ ಎದ್ದು ಬಂದರು, ಮೇಸ್ತ್ರಿಯೂ ಯಂತ್ರ ಬಿಟ್ಟು ಬಂದರು. ಹನ್ನೆರಡು ವರ್ಷದಲ್ಲಿ ಆಕೆ ಓಡಿದ್ದನ್ನು ಅವರ್ಯಾರೂ ನೋಡಿರಲಿಲ್ಲ. ನನಗೆ ಅಳು ಬಂತು, ತಡೆಯಲಿಲ್ಲ. ಅಳತೆಯಮ್ಮ ಮಾತ್ರ ಕೂತಲ್ಲಿಂದಲೇ ಟೇಪನ್ನು ನನ್ನ ಕೈಗೆ ಹಾಕಿ, "ಮುಂದಿನವರನ್ನ ಕರಿ" ಎಂದರು.